ಬೆಂಗಳೂರಲ್ಲಿ ಊಟಕ್ಕೆ ಎಲ್ಲಿ ಚಲೋ?

ಹೋದ ತಿಂಗಳು ಒಂದು ಸಂಜೆ ಅಂಗಳದಲ್ಲಿ ಒಣಗಿದ ಅಡಿಕೆ ಚೀಲಕ್ಕೆ ತುಂಬುತ್ತಾ ಕೂತಿದ್ದೆ. ಫೋನ್ ಬಂತು. ನಮ್ಮ ಮನೆಯಿಂದ ಎರಡು ಮನೆ ಆಚೆಗಿರುವ ಅಕ್ಕ. ರಕ್ತಸಂಬಂಧ ಏನಿಲ್ಲ, ಚಿಕ್ಕಂದಿನಿಂದ ಅಕ್ಕ ಅಂತ ಕರೆದು ಅಭ್ಯಾಸ. "ತಮಾ, ಮಂಗಳವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊಂಟಿದ್ಯ. ನಿನ್ನ ಭಾವಂಗೆ ಕಣ್ಣು ತೋರ್ಸದು. ನಾಕು ದಿನ ಆಗ್ತಡ. ಅಲ್ಲಿ ಊಟಕ್ಕೆ ಎಲ್ಲಿ ಚಲೋ?"

ಸಣ್ಣ ಪ್ರಶ್ನೆ. ನಾನು ಹದಿನಾಲ್ಕು ವರ್ಷ ಬೆಂಗಳೂರಲ್ಲಿದ್ದು ಶಿರಸಿಗೆ ವಾಪಸ್ ಬಂದವನು. ನಮ್ಮ ಕಡೆಯಿಂದ ಯಾರು ಬೆಂಗಳೂರಿಗೆ ಹೊರಟರೂ ಈ ಪ್ರಶ್ನೆ ನನ್ನ ಹತ್ತಿರ ಬಂದೇ ಬರುತ್ತದೆ. ಮೊದಲೆಲ್ಲ ಇದಕ್ಕೆ ಅರ್ಧ ನಿಮಿಷ ಸಾಕಿತ್ತು. ವಾಟ್ಸಾಪಿನಲ್ಲಿ ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೆ. ಯಾರು ಕೇಳಿದರೂ ಅದನ್ನೇ ಕಳಿಸುತ್ತಿದ್ದೆ. ಅವತ್ತು ಮಾತ್ರ ಅಕ್ಕನಿಗೆ ಅದನ್ನು ಕಳಿಸಲು ಕೈ ಬರಲಿಲ್ಲ. "ರಾತ್ರಿ ನಾನೇ ಫೋನ್ ಮಾಡ್ತಿ" ಅಂದು ಇಟ್ಟೆ. ಆಮೇಲೆ ಕತ್ತಲಾಗುವವರೆಗೂ ಚೀಲ ಹೊಲಿಯುತ್ತಾ ಅದನ್ನೇ ಯೋಚಿಸಿದೆ. ಆ ಯೋಚನೆ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಪಟ್ಟಿ ಕೆಟ್ಟದ್ದಲ್ಲ. ಅದರಲ್ಲಿದ್ದ ಒಂದೊಂದು ಹೋಟೆಲೂ ನನಗೆ ಇಷ್ಟ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಎಲ್ಲಕ್ಕಿಂತ ಮೇಲಿತ್ತು. 1943ರಲ್ಲಿ ಶುರುವಾದ ಹೋಟೆಲು. ಅಕ್ಕಪಕ್ಕದ ಶಾಲೆ ಕಾಲೇಜಿನ ಹುಡುಗರು ಬರುತ್ತಿದ್ದರು ಅಂತ ಆ ಹೆಸರು. ಅಲ್ಲಿಯ ದೋಸೆ ನಮ್ಮ ಕಡೆಯ ತೆಳು ದೋಸೆ ತೆಳ್ಳೇವಿಗೆ ಪೂರ್ತಿ ಉಲ್ಟಾ. ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮುರಿದರೆ ಬೆರಳಿಗೆ ತುಪ್ಪ. ಸಪ್ಲೈಯರ್ ಒಂದೇ ಕೈ ಮೇಲೆ ಸಾಲಾಗಿ ಪ್ಲೇಟ್ ಪೇರಿಸಿಕೊಂಡು ಬರುವುದನ್ನು ಮೊದಲ ಸಲ ನೋಡಿದಾಗ ನಾನು ತಿನ್ನುವುದನ್ನೇ ಮರೆತಿದ್ದೆ. ಶುಕ್ರವಾರ ರಜೆ ಅನ್ನುವುದನ್ನೂ ಪಟ್ಟಿಯಲ್ಲೇ ಬರೆದಿದ್ದೆ.

ಅದಾದ ಮೇಲೆ ಲಾಲ್‌ಬಾಗ್ ರಸ್ತೆಯ ಎಂಟಿಆರ್. 1924ರದ್ದು, ಅಂದರೆ ನೂರು ವರ್ಷ ದಾಟಿದೆ. ಶುರು ಮಾಡಿದ ಮಯ್ಯ ಸಹೋದರರು ಉಡುಪಿ ಕಡೆಯ ಕೋಟದ ಹತ್ತಿರದ ಪಾರಂಪಳ್ಳಿಯವರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಬರ ಬಂತು. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಆಗ ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ರವಾ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಎಂಟಿಆರ್‌ನವರು ಹೇಳುತ್ತಾರೆ. ಈ ಕಥೆ ನನಗೆ ಬಹಳ ಇಷ್ಟ. ನಮ್ಮ ಅಮ್ಮಮ್ಮನೂ ಮಳೆಗಾಲದಲ್ಲಿ ತರಕಾರಿ ಸಿಗದಿದ್ದಾಗ ಹಲಸಿನ ಬೀಜ, ಕೆಸುವಿನ ಸೊಪ್ಪು, ಬಾಳೆದಿಂಡು ಅಂತ ಇದ್ದದ್ದರಲ್ಲೇ ಹೊಸ ಅಡುಗೆ ಕಂಡುಕೊಂಡವಳು. ಕೊರತೆ ಇದ್ದಲ್ಲಿ ಒಳ್ಳೆಯ ಅಡುಗೆಯವರು ಸುಮ್ಮನೆ ಕೂರುವುದಿಲ್ಲ, ಅಲ್ವಾ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಪಟ್ಟಿಯಲ್ಲಿತ್ತು. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಕಾಫಿ ಟೀ. ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಆ ಚಟ್ನಿಗೇ ಜನ ರಸ್ತೆಯಲ್ಲಿ ನಿಂತು ತಿನ್ನುತ್ತಾರೆ. ಮಲ್ಲೇಶ್ವರದಲ್ಲಿ ಬೆಣ್ಣೆ ದೋಸೆಗೆ ಸಿಟಿಆರ್, ಇಡ್ಲಿಗೆ ವೀಣಾ ಸ್ಟೋರ್ಸ್. ಸಂಜೆ ತಿರುಗಾಟಕ್ಕೆ ವಿ.ವಿ. ಪುರದ ತಿಂಡಿ ಬೀದಿ, ಅದೂ ಚಳಿಗಾಲದಲ್ಲಿ ಅವರೆಕಾಯಿ ಸೀಸನ್ನಿನಲ್ಲಿ ಹೋದರೆ ಒಳ್ಳೆಯದು. ಹೀಗೆ ಹನ್ನೆರಡು ಹೆಸರಿದ್ದವು.

ಪಟ್ಟಿ ಮಾಡುವಾಗ ನನಗೊಂದು ನಂಬಿಕೆ ಇತ್ತು. ಪರಊರಿಗೆ ಹೋದವರು ಆ ಊರಿನದ್ದನ್ನೇ ತಿನ್ನಬೇಕು. ಮನೆಯಲ್ಲಿ ಸಿಗುವುದನ್ನು ಅಲ್ಲಿ ಹುಡುಕಬಾರದು. ನಾನ್ನೂರು ಕಿಲೋಮೀಟರ್ ಬಸ್ಸಲ್ಲಿ ಕೂತು ಹೋಗಿ ಅನ್ನ ತಂಬುಳಿ ಹುಡುಕಿದರೆ ಏನು ಬಂತು? ಈ ನಂಬಿಕೆ ಗಟ್ಟಿಯಾಗಲು ಒಂದು ಕಾರಣವೂ ಇತ್ತು.

ಜುಲೈ ತಿಂಗಳ ಬಂಗಡೆ

ಕಾರವಾರದ ಒಬ್ಬ ಗೆಳೆಯ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಮನೆಮಾತು ಕೊಂಕಣಿ. ಕಾಳಿ ನದಿ ಸಮುದ್ರ ಸೇರುವ ಕಡೆ ಅವನ ಮನೆ. ಮೀನು ಇಲ್ಲದ ಊಟ ಅವನಿಗೆ ಊಟವೇ ಅಲ್ಲ. 2011ರಲ್ಲಿ ಕೆಲಸದ ಇಂಟರ್ವ್ಯೂಗೆ ಅಂತ ಬೆಂಗಳೂರಿಗೆ ಬಂದ. ಜುಲೈ ತಿಂಗಳು. ನಾನು ಹವ್ಯಕ ಮನೆಯವನು, ಮೀನು ತಿನ್ನುವುದಿಲ್ಲ. ಆದರೂ ಅವನಿಗೆ ಖುಷಿ ಆಗಲಿ ಅಂತ ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳಿ, ಕರಾವಳಿ ಊಟ ಅಂತ ಬೋರ್ಡ್ ಹಾಕಿದ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ದೋಣಿ, ಬಲೆ, ತೆಂಗಿನಮರದ ಚಿತ್ರ. ಎಸಿ ಹಾಲ್.

ಅವನು ಬಂಗಡೆ ಸಾರು, ಅನ್ನ ಹೇಳಿದ. ಬಂತು. ತುತ್ತು ಕಲಸುವ ಮೊದಲು ಬೆರಳ ತುದಿಯಿಂದ ಮೀನಿನ ಬೆನ್ನಿನ ಹತ್ತಿರ ಮೆಲ್ಲಗೆ ಒತ್ತಿದ. ಮಾಂಸ ಮುಳ್ಳಿನಿಂದ ಎದ್ದು ಬರುವ ಬದಲು ಹಿಟ್ಟಿನ ಹಾಗೆ ಉದುರಿತು. ಅವನು ಏನೂ ಅನ್ನಲಿಲ್ಲ. ಸಾರಿನ ರಸ ಮಾತ್ರ ಹಾಕಿಕೊಂಡು ಅನ್ನ ತಿಂದ. ಹೊರಗೆ ಬಂದ ಮೇಲೆ ಕೇಳಿದೆ. "ಮಳೆಗಾಲಕ್ಕೆ ಬೋಟ್ ಬಂದ್ ಅಲ್ವೇನೋ ಮಾರಾಯ. ಈಗ ನಮ್ಮನೇಲೇ ದೊಡ್ಡ ಬಂಗಡೆ ಇರೋದಿಲ್ಲ. ಇಲ್ಲಿ ಎಲ್ಲಿಂದ ಬರಬೇಕು?" ಅಂದ.

ನನಗೆ ಅದು ಹೊಳೆದೇ ಇರಲಿಲ್ಲ. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಆ ದಿನಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಸಮುದ್ರವೂ ಒರಟು. ಕಾರವಾರದ ಮನೆಗಳಲ್ಲಿ ಆಗ ಒಣಮೀನು, ಹೊಳೆ ಮೀನು, ಕಾಳಿ ಹಿನ್ನೀರಿನ ಏಡಿ, ತಿಸ್ರ್ಯೊ ಅನ್ನುವ ಚಿಪ್ಪುಮೀನು. ಅವನ ತಾಯಿ ಆ ದಿನಗಳಲ್ಲಿ ಒಣ ಸಿಗಡಿಗೆ ತೆಂಗಿನಕಾಯಿ, ಈರುಳ್ಳಿ, ಹುಳಿ ಹಾಕಿ ಕಲಸುವ ಚಟ್ನಿಯ ಬಗ್ಗೆ ಅವನು ರಸ್ತೆ ಉದ್ದಕ್ಕೂ ಹೇಳುತ್ತಾ ಬಂದ. ಮೀನು ತಿನ್ನದ ನನಗೂ ಬಾಯಲ್ಲಿ ನೀರು ಬಂತು. ಮಳೆಗಾಲಕ್ಕೆ ಒಂದು ಊಟ, ಬೇಸಿಗೆಗೆ ಒಂದು ಊಟ ಅಂತ ಇರುವ ಮನೆಯ ಹುಡುಗ ಅವನು. ವರ್ಷಪೂರ್ತಿ ಒಂದೇ ಮೆನು ಇರುವ ಕಡೆ ಅವನನ್ನು ಕೂರಿಸಿದ್ದೆ.

ಮರುದಿನ ನಾನು ಬೇರೆ ಯೋಚನೆ ಮಾಡಿದೆ. ಬೆಂಗಳೂರಿಗೆ ಸಮುದ್ರ ಇಲ್ಲ. ಆದರೆ ಬೆಂಗಳೂರಿಗೆ ತನ್ನದೇ ಮಾಂಸದೂಟ ಇದೆ. ಜಯನಗರದ ಒಂದು ಹಳೆಯ ಮಿಲಿಟರಿ ಹೋಟೆಲಿಗೆ ಹೋದೆವು. ಮಧ್ಯಾಹ್ನ ಹನ್ನೆರಡೂವರೆಗೇ ಬಾಗಿಲ ಹೊರಗೆ ಜನ. ದೊನ್ನೆಯಲ್ಲಿ ಬಿಸಿಬಿಸಿ ಬಿರಿಯಾನಿ. ಕೊತ್ತಂಬರಿ ಪುದೀನಾದ ಹಸಿರು ಬಣ್ಣ, ಸಣ್ಣ ಕಾಳಿನ ಅಕ್ಕಿ. ಆಮೇಲೆ ಅವನಿಗೆ ಮುದ್ದೆ ತಿನ್ನಬೇಕು ಅನ್ನಿಸಿತು. ಎದುರು ಕೂತ ಅಜ್ಜ ಒಬ್ಬರು, "ಅಗೀಬೇಡಿ, ಸಾರಲ್ಲಿ ಅದ್ದಿ ನುಂಗಿ" ಅಂತ ಹೇಳಿಕೊಟ್ಟರು. ಅವನು ಮೊದಲ ತುತ್ತಿಗೆ ಕಣ್ಣು ದೊಡ್ಡ ಮಾಡಿದ. ಮೂರನೆಯ ತುತ್ತಿಗೆ ಕಲಿತುಬಿಟ್ಟ. ನಾನು ಎದುರಿಗೆ ಸುಮ್ನೆ ಕೂತಿದ್ದೆ. ನಾನು ತಿನ್ನದ ಊಟವನ್ನು ಇನ್ನೊಬ್ಬರು ಅಷ್ಟು ಖುಷಿಯಲ್ಲಿ ತಿನ್ನುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದೆ. ಅವನ ಖುಷಿಯಲ್ಲಿ ನನ್ನದೂ ಒಂದು ಪಾಲಿತ್ತು. ಈಗಲೂ ಅವನು ಫೋನ್ ಮಾಡಿದರೆ ಆ ಮುದ್ದೆಯ ಮಾತು ಬರುತ್ತದೆ, ಬಂಗಡೆಯ ಮಾತು ಬರುವುದಿಲ್ಲ.

ಅವತ್ತಿನಿಂದ ನನ್ನ ಪಟ್ಟಿಗೆ ಒಂದು ಗಟ್ಟಿ ಬುಡ ಸಿಕ್ಕಿತು ಅಂದುಕೊಂಡೆ. ಊರಿನ ರುಚಿ ಊರಲ್ಲಿ, ಪಟ್ಟಣದ ರುಚಿ ಪಟ್ಟಣದಲ್ಲಿ. ಆರು ವರ್ಷ ಅದನ್ನೇ ಎಲ್ಲರಿಗೂ ಹೇಳುತ್ತಾ ಬಂದೆ.

ಎರಡೂವರೆ ಗಂಟೆಯ ಹಸಿವು

2017ರ ಚಳಿಗಾಲ. ಅಪ್ಪಯ್ಯನಿಗೆ ಎದೆ ನೋವು ಬರತೊಡಗಿತ್ತು. ಶಿರಸಿಯ ಡಾಕ್ಟರು ಒಮ್ಮೆ ಬೆಂಗಳೂರಲ್ಲಿ ತೋರಿಸಿ ಅಂದರು. ಎಪ್ಪತ್ತೊಂದು ವರ್ಷದ ಅಪ್ಪಯ್ಯ ರಾತ್ರಿ ಬಸ್ಸಿನಲ್ಲಿ ಒಬ್ಬರೇ ಬಂದರು. ಬೆಳಗಿನ ಜಾವ ಯಶವಂತಪುರದಲ್ಲಿ ಇಳಿದಾಗ ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ. ಅದನ್ನು ರಾತ್ರಿಯಿಡೀ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು, ಎಣ್ಣೆ ಸೋರಬಾರದು ಅಂತ.

ಮರುದಿನ ಆಸ್ಪತ್ರೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ರಕ್ತ ಕೊಟ್ಟು, ಇಸಿಜಿ, ಎಕೋ ಆಗಿ, ಡಾಕ್ಟರನ್ನು ನೋಡಿ ಹೊರಗೆ ಬರುವಾಗ ಮಧ್ಯಾಹ್ನ ಎರಡೂವರೆ. ಡಾಕ್ಟರು ಸದ್ಯಕ್ಕೆ ಮಾತ್ರೆ ಸಾಕು ಅಂದಿದ್ದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಆ ಖುಷಿಯಲ್ಲಿ, "ಅಪ್ಪಯ್ಯಾ, ಇವತ್ತು ಬೆಂಗಳೂರಿನ ಒಳ್ಳೆ ದೋಸೆ ತಿನ್ನಿಸ್ತಿ ನಿಂಗೆ" ಅಂದು ಆಟೋ ಹತ್ತಿಸಿದೆ.

ಪಟ್ಟಿಯ ಒಂದು ಹೋಟೆಲಿಗೆ ಅವತ್ತು ವಾರದ ರಜೆ. ಸಂಭ್ರಮದಲ್ಲಿ ವಾರ ಯಾವುದು ಅಂತಲೇ ನಾನು ನೋಡಿರಲಿಲ್ಲ. ಇನ್ನೊಂದು ಕಡೆ ಊಟದ ಹೊತ್ತು ಮುಗಿದಿತ್ತು, ತಿಂಡಿ ಶುರುವಾಗಿರಲಿಲ್ಲ. ಹಳೆಯ ಹೋಟೆಲುಗಳಲ್ಲಿ ಮಧ್ಯಾಹ್ನ ಇಂಥ ಒಂದು ಬಿಡುವು ಇರುತ್ತದೆ. ಒಂಟಿಯಾಗಿದ್ದಾಗ ಅದು ನನಗೆ ಯಾವತ್ತೂ ತೊಂದರೆ ಅನ್ನಿಸಿರಲಿಲ್ಲ. ಕೊನೆಗೆ ಮೂಲೆಯ ಒಂದು ದರ್ಶಿನಿಗೆ ನುಗ್ಗಿದೆವು. ಟೋಕನ್ ತಗೊಂಡು, ಕೌಂಟರಿನಲ್ಲಿ ಪ್ಲೇಟ್ ಎತ್ತಿಕೊಂಡು ಬಂದೆ. ಎದೆ ಮಟ್ಟದ ಸ್ಟೀಲ್ ಟೇಬಲ್. ಅಪ್ಪಯ್ಯ ಸುತ್ತ ನೋಡಿದರು. "ಕುತ್ಗಂಬಲೆ ಜಾಗ ಇಲ್ಯನಾ?" ಅಂತ ಕೇಳಿದರು. ನಾನು ಇಲ್ಲ ಅಂದೆ. ಅವರು ಇಡ್ಲಿಯ ಪ್ಲೇಟ್ ನೋಡಿದರು, ನನ್ನ ಮುಖ ನೋಡಿದರು. "ಅಡ್ಡಿಲ್ಲೆ, ನೀ ತಿನ್ನು. ಯಂಗೆ ಅಷ್ಟು ಹಶಿವಿಲ್ಲೆ" ಅಂದರು.

ಬೆಳಗ್ಗೆಯಿಂದ ಒಂದು ಲೋಟ ನೀರು ಬಿಟ್ಟರೆ ಏನೂ ಹೊಟ್ಟೆಗೆ ಹೋಗಿರಲಿಲ್ಲ. ಹಸಿವು ಇಲ್ಲದೇ ಏನು? ಅವರು ಜೀವಮಾನದಲ್ಲಿ ನಿಂತು ಊಟ ಮಾಡಿದವರಲ್ಲ. ತೋಟದಲ್ಲಿ ಎಷ್ಟೇ ಕೆಲಸ ಇರಲಿ, ಕೈಕಾಲು ತೊಳೆದು, ಬಾಳೆ ಹಾಕಿ, ಕೂತು, ಎಲೆಯ ತುದಿಗೆ ಉಪ್ಪು ಬಿದ್ದ ಮೇಲೇ ಊಟ. ಅದು ಮಡಿ ಮೈಲಿಗೆಯ ಮಾತಲ್ಲ. ಊಟಕ್ಕೆ ಅಂತ ಕೂರುವ ಆ ಅರ್ಧ ತಾಸು ಅವರ ದಿನದ ವಿಶ್ರಾಂತಿ. ಅದನ್ನು ಬಿಟ್ಟು ತಿಂದರೆ ಅವರಿಗೆ ತಿಂದ ಹಾಗೆ ಆಗುವುದಿಲ್ಲ.

ದರ್ಶಿನಿಯನ್ನು ನಾನು ದೂರುತ್ತಿಲ್ಲ. 1980ರ ದಶಕದಲ್ಲಿ ಜಯನಗರದ ಕಡೆಯಿಂದ ಶುರುವಾದ ಈ ಪದ್ಧತಿ ಬೆಂಗಳೂರಿನ ಲಕ್ಷಾಂತರ ಜನರ ಹೊಟ್ಟೆ ತುಂಬಿಸಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಂಗಳ ಕೊನೆಯ ವಾರ ನಾನು ಬದುಕಿದ್ದೇ ದರ್ಶಿನಿಯ ರೈಸ್ ಬಾತಿನ ಮೇಲೆ. ಬಿಸಿ, ಚೊಕ್ಕ, ಕಡಿಮೆ ದುಡ್ಡು, ಐದು ನಿಮಿಷ. ಆದರೆ ಅದು ಅವಸರದಲ್ಲಿ ಇರುವವರಿಗೆ ಮಾಡಿದ್ದು. ಅಪ್ಪಯ್ಯನಿಗೆ ಅವಸರ ಇರಲಿಲ್ಲ. ಅವರಿಗೆ ಸುಸ್ತಾಗಿತ್ತು.

ಆ ಪ್ಲೇಟನ್ನು ಹಾಗೇ ಬಿಟ್ಟು ಹೊರಗೆ ಬಂದೆ. ಅಪ್ಪಯ್ಯನ ಕೈ ಹಿಡಿದುಕೊಂಡು ಫುಟ್‌ಪಾತಿನಲ್ಲಿ ನಿಂತಿದ್ದೆ. ಎದುರು ರಸ್ತೆಯಲ್ಲಿ ಒಂದು ಹಳೆಯ ಹೋಟೆಲು ಕಾಣಿಸಿತು. ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದರೂ ಒಳಗೆ ಹೋಗಿರಲಿಲ್ಲ. ಯಾರ ಪಟ್ಟಿಯಲ್ಲೂ ಇಲ್ಲದ ಹೋಟೆಲು. ನಾಲ್ಕು ಮೆಟ್ಟಿಲು, ಕಲ್ಲು ಹಾಸಿದ ಟೇಬಲ್ಲು, ಮರದ ಕುರ್ಚಿ, ಮೇಲೆ ನಿಧಾನ ತಿರುಗುವ ಫ್ಯಾನು. ಗಲ್ಲಾದಲ್ಲಿ ಕೂತವರು "ಊಟ ಇದೆ, ಪಲ್ಯ ಖಾಲಿ" ಅಂದರು. ಸಾಕು ಅಂದೆ.

ಅಪ್ಪಯ್ಯ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಕಣ್ಣು ಮುಚ್ಚಿದರು. ಆಮೇಲೆ ರೂಢಿಯಲ್ಲಿ "ಮಾಣೀ" ಅಂತ ಕರೆದರು. ನಾನೂ ತಿರುಗಿದೆ, ನೀರು ಇಡುತ್ತಿದ್ದ ಸಪ್ಲೈಯರ್ ಹುಡುಗನೂ ತಿರುಗಿದ. ನಮ್ಮಲ್ಲಿ ಮಾಣಿ ಅಂದರೆ ಮನೆಯ ಹುಡುಗ. ಬೆಂಗಳೂರಿನ ಹೋಟೆಲುಗಳಲ್ಲಿ ಮೊದಲು ಮಾಣಿ ಅಂದರೆ ಬಡಿಸುವವನು. ಎರಡೂ ಒಂದೇ ಮಾತು. ಕರಾವಳಿಯಿಂದ, ಘಟ್ಟದ ಮೇಲಿಂದ ಮನೆಯಲ್ಲಿ ಬಡತನ ಅಂತ ಬಂದ ಹತ್ತು ಹನ್ನೆರಡು ವರ್ಷದ ಹುಡುಗರೇ ಆ ಕಾಲದಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆದು, ಬಡಿಸಿ, ರಾತ್ರಿ ಅದೇ ಬೆಂಚಿನ ಮೇಲೆ ಮಲಗುತ್ತಿದ್ದರು. ಅಪ್ಪಯ್ಯನ ಜೊತೆ ಕನ್ನಡ ಶಾಲೆ ಕಲಿತ ಇಬ್ಬರು ಹಾಗೆ ಹೋದವರೇ. ಆ ಮಧ್ಯಾಹ್ನದ ಮಾಣಿ ಮಾತ್ರ ಅಸ್ಸಾಮಿನವನು. ಎರಡು ವರ್ಷದಲ್ಲಿ ಕನ್ನಡ ಕಲಿತಿದ್ದ. "ಏನ್ ಬೇಕು ಅಜ್ಜಾ?" ಅಂತ ಬಗ್ಗಿ ಕೇಳಿದ.

"ಸಪ್ಪೆ ಮಜ್ಜಿಗೆ ಇದ್ದಾ?" ಅಪ್ಪಯ್ಯ ಕೇಳಿದರು. ಮಜ್ಜಿಗೆ ಇರಲಿಲ್ಲ. ಊಟದ ಜೊತೆ ಕೊಡುವ ಮೊಸರಿನ ಬಟ್ಟಲು ಇತ್ತು. ಹುಡುಗ ಒಳಗೆ ಹೋದ. ಸ್ಟೀಲ್ ಲೋಟದಲ್ಲಿ ಎರಡು ಬಟ್ಟಲು ಮೊಸರು ಹಾಕಿ, ನೀರು ಬೆರೆಸಿ, ಚಮಚದಲ್ಲಿ ಚೆನ್ನಾಗಿ ಕದಡಿಕೊಂಡು ತಂದ. ಉಪ್ಪಿನ ಡಬ್ಬಿಯನ್ನು ಪಕ್ಕದಲ್ಲಿಟ್ಟ. ಅಪ್ಪಯ್ಯ ಅದನ್ನು ಕುಡಿಯುವಾಗ ಗಂಟಲು ಮೇಲೆ ಕೆಳಗೆ ಆಗುವುದನ್ನು ನೋಡುತ್ತಾ ಕೂತಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಅನ್ನ ಬಂತು, ಬೇಳೆ ಸಾರು ಬಂತು. ಅಪ್ಪಯ್ಯ ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದರು. ಅದು ಆಸ್ಪತ್ರೆಗೂ ಜೊತೆಗೇ ಬಂದಿತ್ತು! ಒಂದು ಮಿಡಿ ತಮಗೆ, ಒಂದು ನನಗೆ. ಇನ್ನೊಂದನ್ನು ಆ ಹುಡುಗನಿಗೆ ಕೊಟ್ಟರು. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಒಳಗೆ ಅಡುಗೆಯವರಿಗೆ ತೋರಿಸಲು ಹೋದ. ಅಪ್ಪಯ್ಯ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮೂರನೇ ಸಲವೂ. ನಾವು ಎದ್ದಾಗ ನಾಲ್ಕು ಗಂಟೆ. ಅಷ್ಟು ಹೊತ್ತು ಯಾರೂ ಏಳಿ ಅನ್ನಲಿಲ್ಲ.

ಊರಿಗೆ ಹೋದ ಮೇಲೆ ಜಗಲಿಯಲ್ಲಿ ಯಾರು ಬಂದು ಬೆಂಗಳೂರು ಹೇಗಿತ್ತು ಅಂತ ಕೇಳಿದರೂ ಅಪ್ಪಯ್ಯ ಹೇಳುತ್ತಿದ್ದದ್ದು ಒಂದೇ. ಮೆಟ್ರೋ ಅಲ್ಲ, ವಿಧಾನಸೌಧ ಅಲ್ಲ. "ಒಂದು ಮಾಣಿ ಮಜ್ಜಿಗೆ ಮಾಡಿ ಕೊಟ್ಟ" ಅಂತ.

2019ರಲ್ಲಿ ಆ ರಸ್ತೆಗೆ ಹೋದಾಗ ಆ ಹೋಟೆಲು ಇರಲಿಲ್ಲ. ಅಲ್ಲಿ ಮೊಬೈಲ್ ಅಂಗಡಿ. ಬೆಂಗಳೂರಿನಲ್ಲಿ ಇದು ಹೊಸತೇನಲ್ಲ. ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಹೆಸರಿದ್ದ ಹೋಟೆಲು ಮುಚ್ಚಿದರೆ ಜನ ಕೊನೆಯ ದಿನ ಸಾಲುಗಟ್ಟಿ ಹೋಗಿ ತಿಂದು ಬರುತ್ತಾರೆ, ಪೇಪರಿನಲ್ಲಿ ಬರುತ್ತದೆ. ಆ ನಾಲ್ಕು ಮೆಟ್ಟಿಲಿನ ಹೋಟೆಲು ಯಾವತ್ತು ಮುಚ್ಚಿತು ಅಂತ ಪಕ್ಕದ ಅಂಗಡಿಯವರಿಗೂ ನೆನಪಿರಲಿಲ್ಲ. ಆ ಅಸ್ಸಾಮಿನ ಹುಡುಗ ಈಗ ಎಲ್ಲಿದ್ದಾನೋ. ಅಪ್ಪಯ್ಯ 2021ರಲ್ಲಿ ತೀರಿಕೊಂಡರು.

ಯಾಕೆ ಹೋಗ್ತಿದೀರಿ?

ಪೇಟೆಗೆ ಬರುವವರಿಗೆ ಅಂತ ಬರೆದ ಹೋಟೆಲ್ ಪಟ್ಟಿಗಳನ್ನು ಈಗ ನೋಡಿದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಅವೆಲ್ಲ ಖುಷಿಗೆ ಅಂತ ಬರುವವರಿಗೆ ಬರೆದವು. ನಮ್ಮ ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ, ಕಾರವಾರದವರು ಬೆಂಗಳೂರಿಗೆ ಖುಷಿಗೆ ಹೋಗುವುದು ಎಷ್ಟು ಸಲ? ಹೃದಯ ತೋರಿಸಲು ಹೋಗುತ್ತಾರೆ, ಕ್ಯಾನ್ಸರ್ ಚಿಕಿತ್ಸೆಗೆ ಹೋಗುತ್ತಾರೆ. ಮಗಳ ಬಾಣಂತನಕ್ಕೆ ಹೋಗುತ್ತಾರೆ. ಮಗನ ಕಾಲೇಜಿಗೆ ಫೀ ಕಟ್ಟಲು, ಮದುವೆಗೆ ಸೀರೆ ತರಲು ಚಿಕ್ಕಪೇಟೆಗೆ ಹೋಗುತ್ತಾರೆ. ನನ್ನ ಸಿಇಟಿ ಕಾಲದಲ್ಲಿ ಸೀಟು ಆರಿಸಲು ಮಲ್ಲೇಶ್ವರದ ಹದಿನೆಂಟನೇ ಕ್ರಾಸಿಗೇ ಹೋಗಬೇಕಿತ್ತು. ಅಪ್ಪಯ್ಯನ ಜೊತೆ ನಾನೂ ಹೋಗಿದ್ದೆ. ನೂರು ಹೆಜ್ಜೆ ನಡೆದರೆ ಸಿಗುವ ಒಳ್ಳೊಳ್ಳೆಯ ಹೋಟೆಲುಗಳ ಮುಂದೆಯೇ ಅವತ್ತು ಹಾದುಹೋಗಿರಬೇಕು. ಯಾವ ಸೀಟು ಸಿಗುತ್ತದೋ ಅನ್ನುವ ಗಾಬರಿಯಲ್ಲಿ ಏನು ತಿಂದೆವು ಅನ್ನುವುದೇ ನೆನಪಿಲ್ಲ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುತ್ತೇನೆ. ಯಾಕೆ ಹೋಗ್ತಿದೀರಿ? ಯಾರ ಜೊತೆ? ಅವರಿಗೆ ಮೆಟ್ಟಿಲು ಹತ್ತಲು ಆಗುತ್ತದಾ? ಉಳಿಯುವುದು ಎಲ್ಲಿ? ಇದನ್ನು ಕೇಳದೆ ಹೋಟೆಲ್ ಹೆಸರು ಹೇಳುವುದು, ರೋಗಿಯನ್ನು ನೋಡದೆ ಮಾತ್ರೆ ಕೊಟ್ಟ ಹಾಗೆ.

ಚಿಕ್ಕಪೇಟೆಗೆ ಸೀರೆಗೆ ಅಂತ ಹೋಗುವವರಿಗೆ ನಾನು ಧೈರ್ಯವಾಗಿ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನ ಹೇಳುತ್ತೇನೆ. ಹಳೆಯ ಹೋಟೆಲು, ಸಾಗು ಮಸಾಲೆ ದೋಸೆಗೆ ಹೆಸರು. ಮೆಜೆಸ್ಟಿಕ್ಕಿಗೂ ಹತ್ತಿರ. ಹುಡುಗರು ಗುಂಪು ಕಟ್ಟಿಕೊಂಡು ಹೋದರೆ ನನ್ನ ಹಳೆಯ ಪಟ್ಟಿಯೇ ಸಾಕು. ಅವರು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ, ಒಂದೇ ಬೆಳಗ್ಗೆ ಮೂರು ಕಡೆ ತಿನ್ನುತ್ತಾರೆ. ಗ್ರೀನ್ ಲೈನ್ ಮೆಟ್ರೋ ಹಿಡಿದರೆ ಲಾಲ್‌ಬಾಗ್, ನ್ಯಾಷನಲ್ ಕಾಲೇಜು ಸ್ಟೇಷನ್ನುಗಳಲ್ಲಿ ಇಳಿದು ನಡೆಯಬಹುದು. ಕಾರವಾರ ಕಡೆಯವರಿಗೆ ಮೀನು ಹುಡುಕಬೇಡಿ, ಮಿಲಿಟರಿ ಹೋಟೆಲಿಗೆ ಹೋಗಿ ಅಂತ ಇವತ್ತಿಗೂ ಹೇಳುತ್ತೇನೆ. ಆ ಮಾತು ಸುಳ್ಳಾಗಿಲ್ಲ. ಆದರೆ ಅದೇ ಗೆಳೆಯ ನಾಳೆ ತನ್ನ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಬಂದರೆ ಮುದ್ದೆಯ ಮಾತು ಎತ್ತುವುದಿಲ್ಲ. ಗಂಜಿ ಎಲ್ಲಿ ಸಿಗುತ್ತದೆ ಅಂತ ಹುಡುಕಿಕೊಡುತ್ತೇನೆ.

ಆಸ್ಪತ್ರೆಗೆ ಹೋಗುವವರಿಗೆ ಹೇಳುವುದೇ ಬೇರೆ. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕುರ್ಚಿ ಇರುವ ಒಂದು ಹೋಟೆಲನ್ನು ಮೊದಲ ದಿನವೇ ಗುರುತು ಮಾಡಿಕೊಳ್ಳಿ. ರುಚಿ ಆಮೇಲೆ. ಬಾತ್‌ರೂಮ್ ಇದೆಯಾ ಕೇಳಿ, ನಾಚಿಕೆ ಬೇಡ. ಮಧ್ಯಾಹ್ನ ಮೂರರವರೆಗೆ ಊಟ ಸಿಗುತ್ತದಾ ಕೇಳಿಕೊಳ್ಳಿ, ಯಾಕೆಂದರೆ ಡಾಕ್ಟರು ಬಿಡುವುದು ಯಾವಾಗಲೂ ಎರಡರ ನಂತರವೇ. ಮೆನುವಿನಲ್ಲಿ ಇಲ್ಲದಿದ್ದರೂ ಅನ್ನ ಮೊಸರು ಕೇಳಿದರೆ ಹೆಚ್ಚಿನ ಕಡೆ ಕೊಡುತ್ತಾರೆ. ಮನೆಯಿಂದ ಕಷಾಯದ ಪುಡಿ, ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ ಒಯ್ಯಿರಿ. ಬಿಸಿ ಹಾಲು ಯಾವ ದರ್ಶಿನಿಯಲ್ಲೂ ಸಿಗುತ್ತದೆ, ಒಂದು ಚಮಚ ಪುಡಿ ಹಾಕಿಕೊಂಡರೆ ಆಯಿತು. ಗಾಬರಿಯಲ್ಲಿ ಇರುವ ಮನುಷ್ಯನಿಗೆ ಊರಿನ ಒಂದು ಪರಿಮಳ ಎಷ್ಟು ದೊಡ್ಡ ಆಸರೆ ಅನ್ನುವುದು ನಾನು ಕಣ್ಣಾರೆ ನೋಡಿದ್ದು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬೆಂಗಳೂರಿನ ಗೆಳೆಯರು ಜೋಗ, ಯಾಣ ನೋಡಲು ಬಂದಾಗ "ಶಿರಸಿಯಲ್ಲಿ ಒಳ್ಳೇ ಹೋಟೆಲ್ ಯಾವುದು?" ಅಂತ ಕೇಳುತ್ತಾರೆ. ನನಗೆ ಉತ್ತರ ಹೊಳೆಯುವುದಿಲ್ಲ. ಪೇಟೆಯಲ್ಲಿ ಹೋಟೆಲುಗಳು ಇವೆ, ಚಲೋ ಇವೆ. ಆದರೆ ನಮ್ಮ ಅಡುಗೆ ಅಲ್ಲಿಲ್ಲ. ತೆಳ್ಳೇವು, ಜೋನಿಬೆಲ್ಲ, ಅಪ್ಪೆಹುಳಿ, ಒಂದೆಲಗದ ತಂಬುಳಿ, ಹಲಸಿನೆಲೆ ಕೊಟ್ಟೆ ಕಡಬು, ಇವೆಲ್ಲ ಮನೆಯೊಳಗೆ ಇವೆ. ಹೋಟೆಲ್ ಅಂದರೆ ನಮಗೆ ಚಿಕ್ಕಂದಿನಿಂದಲೂ ಪೇಟೆಗೆ ಹೋದಾಗಿನ ಮಸಾಲೆ ದೋಸೆ. ಅದಕ್ಕೇ ಅವರಿಗೆ "ನಮ್ಮನೆಗೆ ಬನ್ನಿ" ಅಂತ ಹೇಳುತ್ತೇನೆ, ಬೇರೆ ದಾರಿ ಇಲ್ಲ. ಬಂದವರಿಗೆ ಆಯಿ ಬಾಳೆ ಎಲೆಯ ಮೇಲೆ ತೆಳ್ಳೇವು ಹಾಕುತ್ತಲೇ ಇರುತ್ತಾಳೆ, ಸಾಕು ಅಂದರೂ ಕೇಳುವುದಿಲ್ಲ. ಹೀಗೆ ಬೆಳೆದವರು ಬೆಂಗಳೂರಿಗೆ ಹೋಗಿ "ಊಟಕ್ಕೆ ಎಲ್ಲಿ ಚಲೋ?" ಅಂತ ಕೇಳುವಾಗ ಅವರಿಗೆ ಬೇಕಾಗಿರುವುದು ಬರೀ ಅಡುಗೆ ಅಲ್ಲ. ಅಲ್ಲಿ ಒಂದು ಹೊತ್ತು ತಮ್ಮನ್ನು ಯಾರು ವಿಚಾರಿಸಿಕೊಳ್ಳುತ್ತಾರೆ ಅಂತಲೂ ಅವರು ಕೇಳುತ್ತಿರುತ್ತಾರೆ.

ಅಕ್ಕನಿಗೆ ಬರೆದುಕೊಟ್ಟದ್ದು

ರಾತ್ರಿ ಅಕ್ಕನಿಗೆ ಫೋನ್ ಮಾಡುವ ಬದಲು ಅವರ ಮನೆಗೇ ಹೋದೆ. ಭಾವ ಜಗಲಿಯಲ್ಲಿ ಕೂತಿದ್ದರು. ಬಲಗಣ್ಣು ಮಂಜಾಗಿದೆ, ನಡೆಯುವುದಕ್ಕೆ ತೊಂದರೆ ಇಲ್ಲ, ಹಲ್ಲೂ ಗಟ್ಟಿ. ಸಕ್ಕರೆ ಕಾಯಿಲೆ ಇಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿದ ದಿನ ಮಾತ್ರ ನಾಲ್ಕೈದು ತಾಸು ಬೆಳಕು ಆಗುವುದಿಲ್ಲವಂತೆ. ಆಸ್ಪತ್ರೆ ಯಾವ ರಸ್ತೆಯಲ್ಲಿ ಅಂತ ಕೇಳಿಕೊಂಡೆ. ಅಲ್ಲೇ ಹತ್ತಿರ ಇರುವ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ, ಕುರ್ಚಿ ಇರುವ ಒಂದು ಸಸ್ಯಾಹಾರಿ ಹೋಟೆಲು ಈಗಲೂ ಇದೆ ಅಂತ ಖಾತ್ರಿ ಮಾಡಿಕೊಂಡೆ. ಅದರ ಹೆಸರು, ಬಾಗಿಲು ತೆರೆಯುವ ಹೊತ್ತು, ಯಾವ ಅಂಗಡಿಯ ಪಕ್ಕ ಅನ್ನುವುದನ್ನು ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ಡ್ರಾಪ್ಸ್ ಹಾಕಿದ ದಿನ ಹೊರಗೆ ಹೋಗಬೇಡಿ, ಪಾರ್ಸೆಲ್ ತನ್ನಿ ಅಂತ ಬರೆದೆ. ಕೊನೆಗೆ, ಹಾಳೆಯ ಕೆಳಗೆ, ಡಾಕ್ಟರು ಎಲ್ಲ ಚಲೋ ಇದ್ದು ಅಂದರೆ ಶನಿವಾರ ಸಂಜೆ ಆಟೋ ಮಾಡಿಕೊಂಡು ಗಾಂಧಿಬಜಾರಿಗೆ ಹೋಗಿ, ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ, ಜನ ಜಾಸ್ತಿ ಇರುತ್ತಾರೆ, ಕಾಯಬೇಕು, ಆದರೆ ಕೂತು ತಿನ್ನಬಹುದು ಅಂತ ಬರೆದೆ.

ಶನಿವಾರ ಸಂಜೆ ಐದೂವರೆಗೆ ಅಕ್ಕನ ಫೋನ್ ಬಂತು. ಹಿಂದೆ ಬಸ್ಸಿನ ಹಾರ್ನು, ಹೂವು ಮಾರುವವರ ಕೂಗು. ಆಪರೇಷನ್ ಬೇಡವಂತೆ, ಡ್ರಾಪ್ಸಲ್ಲೇ ಕಡಿಮೆ ಆಗುತ್ತದಂತೆ. ಅರ್ಧ ತಾಸಿನಿಂದ ಹೊರಗೆ ನಿಂತಿದ್ದಾರಂತೆ. ಭಾವ ಕಿಟಕಿಯಲ್ಲಿ ಇಣುಕಿ ಇಣುಕಿ ಕೈ ಮೇಲೆ ಪ್ಲೇಟ್ ಪೇರಿಸಿಕೊಂಡು ಹೋಗುವವರನ್ನು ಎಣಿಸುತ್ತಿದ್ದಾರಂತೆ, ಎರಡೂ ಕಣ್ಣಲ್ಲಿ. ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಯಾರೋ ಜೋರಾಗಿ ಕೂಗಿದ್ದು ನನಗೂ ಕೇಳಿಸಿತು.

"ನಮ್ಮ ಹೆಸರು ಕರೆದ ತಮಾ, ಇಡ್ತಿ" ಅಂದಳು.